ಮನೆತನದ ಉದ್ದಿಮೆ ಮತ್ತು ಹೊಸತಿನ ಸಾಹಸ

ಕುಟುಂಬವೇ ನಡೆಸುವ ಉದ್ದಿಮೆಯಲ್ಲಿ ಬಂಡವಾಳ, ಹೆಸರು, ಅಧಿಕಾರ ಮೂರೂ ಮನೆಯೊಳಗೇ ಇರುತ್ತವೆ. ಆದ್ದರಿಂದ ಇಂಥವರು ಹೊಸತಕ್ಕೆ ಕೈಹಾಕಲು ಅಂಜುತ್ತಾರೆ ಎಂಬ ಮಾತಿದೆ. ಅದು ಅರ್ಧ ಸತ್ಯ ಮಾತ್ರ. ದಕ್ಷಿಣ ಸ್ಪೇನಿನ ಆಲಿವ್ ಎಣ್ಣೆ ಗಿರಣಿಗಳನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಇನ್ನೊಂದು ಮುಖವನ್ನು ತೋರಿಸಿತು. ಸಹಕಾರ ಸಂಘ ಸೇರಿದರೆ ನಷ್ಟದ ಭಯ ತಗ್ಗುತ್ತಿತ್ತು. ಆದರೂ ಯಜಮಾನಿಕೆ ಬಿಟ್ಟುಕೊಡಲು ಮನಸ್ಸಾಗದ ಅನೇಕ ಕುಟುಂಬಗಳು ಹೆಚ್ಚಿನ ಅಪಾಯದ ದಾರಿಯನ್ನೇ ಹಿಡಿದವು. ಹಣ ಹೋಗುವುದಕ್ಕಿಂತ ಹಿಡಿತ ತಪ್ಪುವುದೇ ಅವರನ್ನು ಹೆಚ್ಚು ಕಾಡಿತ್ತು.

ಬೆಂಗಳೂರಿನ ಎಂಟಿಆರ್ ಕಥೆ ಇನ್ನೂ ಸೊಗಸಾದದ್ದು. ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಈ ಹೋಟೆಲು ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಬೇಯಿಸಿತು. ಯಜಮಾನರೇ ಅಡುಗೆಮನೆಯಲ್ಲಿ ನಿಂತ ಕಡೆ ಇಂಥ ಪ್ರಯೋಗಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ರುಚಿ ನೋಡಿದರೆ ಸಾಕು. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ದರಕ್ಕೆ ಸರ್ಕಾರ ಕಡಿವಾಣ ಹಾಕಿದಾಗ ಮನೆತನ ಸಿದ್ಧ ಮಿಶ್ರಣಗಳ ಪೊಟ್ಟಣಗಳತ್ತ ಹೊರಳಿತು.

ಬೆಳೆದ ಉದ್ದಿಮೆ ಮಾತ್ರ ಬೇರೆ ಬಗೆಯ ಬಂಡವಾಳ, ಬೇರೆ ಬಗೆಯ ಆಡಳಿತ ಕೇಳುತ್ತದೆ. ದಾಯಾದಿಗಳು ಹೆಚ್ಚಿದಂತೆ ಒಮ್ಮತವೂ ಕಷ್ಟವಾಗುತ್ತದೆ. ಪೊಟ್ಟಣದ ಆಹಾರದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ಹೋಟೆಲು ಕುಟುಂಬದ ಕೈಯಲ್ಲೇ ಉಳಿಯಿತು. ಮೂರನೇ ತಲೆಮಾರು ಅದನ್ನು ಸಿಂಗಪುರದವರೆಗೂ ಒಯ್ದಿದೆ.