ಬಳೆ ತೊಟ್ಟ ತೋಳೂ, ಕಬ್ಬಿಣದ ರಾಡೂ

ಮೈಸೂರು: "ಕೈಗೆ ಬಳೆ ತೊಟ್ಕೊಂಡಿದ್ದೀಯೇನಯ್ಯಾ?" ಎಂದು ಗಂಡಸನ್ನು ಹಂಗಿಸುವುದು ನಮ್ಮ ಕಡೆ ಹಳೆಯ ಮಾತು. ಬಳೆ ತೊಟ್ಟ ಕೈಯಲ್ಲಿ ಕಸುವಿಲ್ಲ ಎಂಬುದು ಅದರ ಅರ್ಥ. ಇನ್ನು ಮುಂದೆ ಈ ಮಾತನ್ನು ಸ್ವಲ್ಪ ಅಕ್ಕಪಕ್ಕ ನೋಡಿಕೊಂಡು ಆಡುವುದು ಒಳ್ಳೆಯದು. ಕುವೆಂಪುನಗರ, ವಿಜಯನಗರ, ಗೋಕುಲಂ ಕಡೆಯ ಯಾವುದಾದರೂ ಜಿಮ್ಮಿನ ಮುಂದೆ ಬೆಳಿಗ್ಗೆ ಹತ್ತು ನಿಮಿಷ ನಿಂತು ನೋಡಿದರೆ ಕಾರಣ ತಿಳಿಯುತ್ತದೆ. ಬಳೆ ಬಿಚ್ಚಿ ಬ್ಯಾಗಿಗೆ ಹಾಕಿ, ತಾಳಿಯನ್ನು ಟೀ ಷರ್ಟಿನೊಳಕ್ಕೆ ಸೇರಿಸಿ, ರಾಡಿಗೆ ತಾವೇ ಪ್ಲೇಟು ಏರಿಸಿಕೊಂಡು ಎತ್ತಿ ಇಳಿಸುವ ಗೃಹಿಣಿಯರು ಅಲ್ಲಿದ್ದಾರೆ. ಪಕ್ಕದಲ್ಲಿ ಕಾಲೇಜು ಹುಡುಗಿ ಕನ್ನಡಿ ನೋಡಿಕೊಂಡು ತೋಳು ಮಡಚಿ ಬೈಸೆಪ್ಸ್ ಎಷ್ಟು ಎದ್ದಿದೆ ಎಂದು ಪರೀಕ್ಷೆ ಮಾಡುತ್ತಿರುತ್ತಾಳೆ.

ಹಿಂದೆಯೂ ಹೆಂಗಸರು ಜಿಮ್ಮಿಗೆ ಹೋಗುತ್ತಿದ್ದರು, ಇಲ್ಲವೆಂದಲ್ಲ. ಆದರೆ ಹೋಗುತ್ತಿದ್ದುದು ಸಣ್ಣಗಾಗಲು. ಮದುವೆಗೆ ಮುಂಚೆ ಮೂರು ತಿಂಗಳು, ಹೆರಿಗೆ ಆದ ಮೇಲೆ ಆರು ತಿಂಗಳು. ಟ್ರೆಡ್‌ಮಿಲ್ ಮೇಲೆ ನಡೆದು, ಸೈಕಲ್ ತುಳಿದು, ತೂಕದ ಯಂತ್ರದ ಮೇಲೆ ನಿಂತು ನಿಟ್ಟುಸಿರು ಬಿಟ್ಟು ಮನೆಗೆ ಬರುತ್ತಿದ್ದರು. ಕಬ್ಬಿಣ ಇದ್ದ ಮೂಲೆ ಗಂಡಸರದು. ಈಗ ಬದಲಾಗಿರುವುದು ಅದೇ. ಕರಗಬೇಕು ಎಂಬ ಹಂಬಲದ ಜಾಗದಲ್ಲಿ ಬೆಳೆಯಬೇಕು, ಗಟ್ಟಿಯಾಗಬೇಕು, ಗಟ್ಟಿಯಾದದ್ದು ಕಾಣಲೂ ಬೇಕು ಎಂಬ ಆಸೆ ಬಂದಿದೆ.

ಅದು ಕಾಣತೊಡಗಿದ ಕೂಡಲೇ ಶುರುವಾಗುವುದು ಮನೆ ಮಂದಿಯ ಗೊಣಗಾಟ. "ಇದೇನೇ ಇದು, ಗಂಡುಬೀರಿ ಥರ ತೋಳು?" "ನಾಳೆ ನಿನ್ನ ಯಾರು ಒಪ್ತಾರೆ?" "ಮಕ್ಕಳಾಗೋಕೆ ತೊಂದ್ರೆ ಆಗುತ್ತಂತೆ ಕಣೇ." ಈ ಮೂರನೆಯ ಮಾತು ಹೇಳುವವರು ಯಾರಿಂದ ಕೇಳಿದರು ಎಂದರೆ ಉತ್ತರವಿಲ್ಲ. "ಯಾರೋ ಹೇಳಿದ್ರು."

ಮೊದಲು ಗಂಡುಬೀರಿಯ ವಿಚಾರ. ಗಂಡಸಿನ ಮೈ ಉಬ್ಬುವುದಕ್ಕೆ ಮುಖ್ಯ ಕಾರಣ ಟೆಸ್ಟೋಸ್ಟಿರಾನ್ ಎಂಬ ರಸ. ಹೆಂಗಸಿನ ದೇಹದಲ್ಲೂ ಅದು ಇದೆ, ಆದರೆ ಗಂಡಸಿನಲ್ಲಿರುವುದರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಹಾಗಾಗಿ ವಾರಕ್ಕೆ ಮೂರು ದಿನ ಭಾರ ಎತ್ತಿದ ಮಾತ್ರಕ್ಕೆ ಯಾವ ಹೆಂಗಸೂ ರಾತ್ರೋರಾತ್ರಿ ಪೈಲ್ವಾನಳಾಗುವುದಿಲ್ಲ. ಒಂದೆರಡು ವರ್ಷ ಬೆವರು ಸುರಿಸಿ, ಹೊಟ್ಟೆ ತುಂಬ ತಿಂದು, ಸರಿಯಾಗಿ ನಿದ್ದೆ ಮಾಡಿದರೆ ಭುಜ ಒಂದಿಷ್ಟು ಅಗಲವಾಗಿ, ತೋಳಿನಲ್ಲಿ ಒಂದು ಗೆರೆ ಮೂಡುತ್ತದೆ. ಆ ಗೆರೆಗಾಗಿ ಪಟ್ಟ ಪಾಡು ಪಟ್ಟವರಿಗೇ ಗೊತ್ತು.

ತಲೆಹೊರೆ ಲೆಕ್ಕಕ್ಕಿಲ್ಲ

ಹೆಂಗಸು ಭಾರ ಎತ್ತುವುದೇ ಹೊಸದು ಎಂಬಂತೆ ಆಶ್ಚರ್ಯಪಡುವವರು ಯಾವುದಾದರೂ ಮನೆ ಕಟ್ಟುವ ಜಾಗಕ್ಕೆ ಹೋಗಿ ನೋಡಬೇಕು. ಗಾರೆ ಕೆಲಸದ ಹೆಂಗಸು ಬಾಂಡಲಿ ತುಂಬ ಕಾಂಕ್ರೀಟ್ ಹೊತ್ತು ಎರಡು ಮಹಡಿ ಏರುತ್ತಾಳೆ, ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ. ಹದಿನೈದು ಲೀಟರಿನ ಕೊಡ ಎಂದರೆ ನೀರೇ ಹದಿನೈದು ಕಿಲೋ, ಕೊಡದ ತೂಕ ಬೇರೆ. ಸೊಂಟಕ್ಕೊಂದು, ತಲೆಗೊಂದು ಹೊತ್ತು ಬೋರ್‌ವೆಲ್ಲಿನಿಂದ ಮನೆಗೆ ನಡೆಯುವವಳನ್ನು ಯಾರೂ ಗಂಡುಬೀರಿ ಎನ್ನುವುದಿಲ್ಲ. ಅವಳ ತೋಳಿನಲ್ಲೂ ನರ ಎದ್ದು ಕಾಣುತ್ತದೆ. ಅದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಕೂಲಿಗಾಗಿ, ಮನೆಗಾಗಿ ಬೆಳೆದ ಸ್ನಾಯು ಸೈ. ತನಗಾಗಿ ಬೆಳೆಸಿಕೊಂಡದ್ದಾದರೆ ತಕರಾರು.

ಪದಕ ಬಂದರೆ ಮಾತ್ರ ಈ ತಕರಾರಿಗೆ ರಿಯಾಯಿತಿ ಉಂಟು. 2000ನೇ ಇಸವಿಯ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊಟ್ಟಮೊದಲ ಬಾರಿಗೆ ಹೆಂಗಸರಿಗೂ ಭಾರ ಎತ್ತುವ ಸ್ಪರ್ಧೆ ಇಟ್ಟರು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಕರ್ಣಂ ಮಲ್ಲೇಶ್ವರಿ 110 ಮತ್ತು 130, ಒಟ್ಟು 240 ಕಿಲೋ ಎತ್ತಿ ಕಂಚು ತಂದರು. ಒಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. ಮಣಿಪುರದ ಮೀರಾಬಾಯಿ ಚಾನು ಚಿಕ್ಕಂದಿನಲ್ಲಿ ಅಣ್ಣನಿಗೆ ಎತ್ತಲಾಗದ ಸೌದೆ ಹೊರೆಯನ್ನು ಹೊತ್ತು ತಂದ ಕತೆ ದೇಶಕ್ಕೆಲ್ಲ ಗೊತ್ತು. 49 ಕಿಲೋ ವಿಭಾಗದ ಆಕೆ 2021ರ ಜುಲೈನಲ್ಲಿ ಟೋಕಿಯೊದಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದಾಗ ಊರೂರಲ್ಲೂ ಸಿಹಿ ಹಂಚಿದರು. ಸಿಹಿ ಹಂಚಿದ ಮನೆಯ ಹುಡುಗಿಯೇ ಮಾರನೆಯ ದಿನ "ಅಪ್ಪಾ, ನಾನೂ ವೇಟ್ ಲಿಫ್ಟಿಂಗ್‌ಗೆ ಸೇರ್ಲಾ?" ಎಂದರೆ ಮಾತ್ರ ಅಪ್ಪ ಪೇಪರು ಓದುವುದರಲ್ಲಿ ಮಗ್ನ!

ಆಂಜನೇಯನ ಎದುರು

ಮೈಸೂರಿಗೆ ಮೈಕಟ್ಟು ಹೊಸದಲ್ಲ. ಗರಡಿಮನೆಗಳ ಊರು ಇದು. ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆ, ಎದುರಿಗೆ ಆಂಜನೇಯನ ಪಟ. ನಸುಕಿನಲ್ಲಿ ದಂಡೆ, ಬಸ್ಕಿ ಹೊಡೆದು ಮಟ್ಟಿಗೆ ಇಳಿಯುವ ಹುಡುಗರನ್ನು ತಲೆತಲಾಂತರದಿಂದ ಕಂಡ ಊರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಬಾರ್‌ಬೆಲ್ಲಿಗೂ ಸೂರ್ಯನಮಸ್ಕಾರಕ್ಕೂ ನಂಟು ಬೆಸೆದ ಕೆ.ವಿ. ಅಯ್ಯರ್ ಅವರನ್ನೂ ಇಲ್ಲಿ ನೆನೆಯಬಹುದು. 'ಶಾಂತಲಾ' ಕಾದಂಬರಿ ಬರೆದವರೂ ಅವರೇ. ಆದರೆ ಗರಡಿಯ ಹೊಸಿಲು ಸಾಮಾನ್ಯವಾಗಿ ಹೆಣ್ಣಿಗೆ ಮುಚ್ಚಿದ್ದೇ. ಮನೆಯಿಂದ ಹಾಲು, ಬಾದಾಮಿ, ತುಪ್ಪ ಕಳಿಸುವುದಷ್ಟೇ ಅವಳ ಪಾಲಿನ ಕುಸ್ತಿ.

ಹೊಸಿಲು ದಾಟಿದವರು ಬೇರೆ ಕಡೆ ಇದ್ದರು. ಉತ್ತರ ಪ್ರದೇಶದ ಹಮೀದಾ ಬಾನು 1954ರಲ್ಲಿ "ನನ್ನನ್ನು ಸೋಲಿಸಿದವನನ್ನು ಮದುವೆಯಾಗುತ್ತೇನೆ" ಎಂದು ಗಂಡಸರಿಗೇ ಸವಾಲು ಹಾಕಿದಾಕೆ. ಬರೋಡೆಯಲ್ಲಿ ಬಾಬಾ ಪೈಲ್ವಾನ್ ಎಂಬಾತನನ್ನು 1 ನಿಮಿಷ 34 ಸೆಕೆಂಡಿನಲ್ಲಿ ಚಿತ್ ಮಾಡಿದಳು. ಆತ ಕುಸ್ತಿಯಿಂದಲೇ ನಿವೃತ್ತನಾದ. ಇಷ್ಟಾದರೂ ಹೆಣ್ಣಿನೊಂದಿಗೆ ಗಂಡು ಸೆಣಸುವುದು ಶೋಭೆಯಲ್ಲ ಎಂದು ಗಲಾಟೆಗಳಾದವು. 2024ರ ಮೇ 4ರಂದು ಗೂಗಲ್ ತನ್ನ ಮುಖಪುಟದಲ್ಲಿ ಆಕೆಯ ಚಿತ್ರ ಹಾಕುವ ತನಕ ಹೊಸ ತಲೆಮಾರಿನ ಬಹಳ ಜನಕ್ಕೆ ಇಂಥವಳೊಬ್ಬಳು ಇದ್ದಳೆಂದೇ ಗೊತ್ತಿರಲಿಲ್ಲ.

ಇಂದು ದಸರೆ ಕುಸ್ತಿಯಲ್ಲೂ ಹೆಣ್ಣುಮಕ್ಕಳ ಜೋಡಿ ಕಟ್ಟುತ್ತಾರೆ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣಕ್ಕೆ ಹಳಿಯಾಳ, ಗದಗ, ಬೆಳಗಾವಿ ಕಡೆಯಿಂದ ಹುಡುಗಿಯರು ಬಂದು ಸೆಣಸುತ್ತಾರೆ. ಶಿಳ್ಳೆ ಹೊಡೆಯಲು ಬಂದ ಪಡ್ಡೆಗಳು ಎರಡು ನಿಮಿಷ ಕಳೆಯುವಷ್ಟರಲ್ಲಿ ಪಟ್ಟುಗಳ ಬಗ್ಗೆ ಮಾತಾಡತೊಡಗುತ್ತಾರೆ. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ತಂದದ್ದು, ಅದೇ ವರ್ಷದ ಕೊನೆಗೆ 'ದಂಗಲ್' ಚಿತ್ರ ಬಂದದ್ದು ಇದಕ್ಕೆ ಬಲ ಕೊಟ್ಟಿತು.

ಕುಸ್ತಿಗೆ ಎದುರಾಳಿ ಇರುತ್ತಾಳೆ, ಸೋಲು ಗೆಲುವು ಇರುತ್ತದೆ. ಬರೀ ಮೈಕಟ್ಟನ್ನು ತೋರಿಸುವ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಆ ನೆಪವೂ ಇಲ್ಲ. ಅಲ್ಲಿ ಸಮಾಜದ ಹೊಟ್ಟೆಯೊಳಗಿನದ್ದೆಲ್ಲ ಹೊರಕ್ಕೆ ಬರುತ್ತದೆ. 2023ರ ಮಾರ್ಚಿಯಲ್ಲಿ ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ನಡೆದದ್ದನ್ನೇ ನೋಡಿ. ವೇದಿಕೆಯ ಮೇಲೆ ಆಂಜನೇಯನ ವಿಗ್ರಹ. ಸ್ಪರ್ಧೆಯ ತುಂಡು ಉಡುಪಿನಲ್ಲಿ ಹೆಂಗಸರು ಬಂದು ಮೈಕಟ್ಟು ಪ್ರದರ್ಶಿಸಿದರು. ಬ್ರಹ್ಮಚಾರಿ ದೇವರಿಗೆ ಅಪಚಾರವಾಯಿತೆಂದು ಒಂದು ಪಕ್ಷದವರು ಬಂದು ಗಂಗಾಜಲ ಚಿಮುಕಿಸಿ, ಹನುಮಾನ್ ಚಾಲೀಸಾ ಪಠಿಸಿ ಜಾಗ ಶುದ್ಧಿ ಮಾಡಿದರು. ಇವರಿಗೆ ಹೆಣ್ಣುಮಕ್ಕಳ ಆಟೋಟ ಕಂಡರಾಗದು ಎಂದು ಇನ್ನೊಂದು ಪಕ್ಷದವರು ಹರಿಹಾಯ್ದರು. ಇಬ್ಬರ ಜಗಳದ ನಡುವೆ, ತಿಂಗಳುಗಟ್ಟಲೆ ಉಪ್ಪು, ಸಕ್ಕರೆ ಬಿಟ್ಟು ಮೈ ಹುರಿಗೊಳಿಸಿಕೊಂಡು ಬಂದಿದ್ದ ಆ ಹೆಂಗಸರನ್ನು ಏನಮ್ಮಾ ನಿಮ್ಮ ಪಾಡು ಎಂದು ವಿಚಾರಿಸಿದವರು ಕಡಿಮೆ. ವಿಗ್ರಹವನ್ನು ಬೇರೆ ಕಡೆ ಇಡಬಹುದಿತ್ತು, ಒಪ್ಪುವ ಮಾತೇ. ಆದರೆ ಅದೇ ಆಂಜನೇಯನ ಎದುರು ಲಂಗೋಟಿ ಬಿಗಿದ ಗಂಡಸು ಬೆವರು ಹರಿಸಿದರೆ ಅದು ಸೇವೆ. ಅಪಚಾರದ ಅಳತೆಗೋಲು ಬಟ್ಟೆಯೋ ಅಥವಾ ಬಟ್ಟೆಯೊಳಗಿನವರು ಯಾರು ಎಂಬುದೋ?

ಪರದೇಶದವರು ಈ ವಿಷಯದಲ್ಲಿ ಬಹಳ ಮುಂದುವರಿದಿದ್ದಾರೆ ಎಂದು ಭಾವಿಸಬೇಕಾಗಿಲ್ಲ. ಹೆಂಗಸರ ದೇಹದಾರ್ಢ್ಯದ ದೊಡ್ಡ ಪಟ್ಟವಾದ ಮಿಸ್ ಒಲಿಂಪಿಯಾ ಸ್ಪರ್ಧೆ ಅಮೆರಿಕದಲ್ಲಿ ಶುರುವಾದದ್ದು 1980ರಲ್ಲಿ. ಮೂರು ವರ್ಷಕ್ಕೆ, 1983ರಲ್ಲಿ, ಲಾಸ್ ವೇಗಸ್‌ನ ಇನ್ನೊಂದು ಸ್ಪರ್ಧೆಗೆ ಆಸ್ಟ್ರೇಲಿಯದ ಬೆವ್ ಫ್ರಾನ್ಸಿಸ್ ಬಂದಳು. ಅಷ್ಟು ಸ್ನಾಯು ಹೊತ್ತ ಹೆಣ್ಣನ್ನು ತೀರ್ಪುಗಾರರು ಕಂಡೇ ಇರಲಿಲ್ಲ. ಸ್ನಾಯುವಿನ ಸ್ಪರ್ಧೆಯಲ್ಲಿ ಅತಿ ಹೆಚ್ಚು ಸ್ನಾಯು ಇದ್ದವಳಿಗೆ ಸಿಕ್ಕಿದ್ದು ಎಂಟನೇ ಸ್ಥಾನ! 2004ರ ಕೊನೆಯಲ್ಲಂತೂ ಅಂತರರಾಷ್ಟ್ರೀಯ ಸಂಸ್ಥೆಯವರು ಮಹಿಳಾ ಸ್ಪರ್ಧಿಗಳು ತಮ್ಮ ಸ್ನಾಯುಗಳನ್ನು ನೂರಕ್ಕೆ ಇಪ್ಪತ್ತರಷ್ಟು ಕಡಿಮೆ ಮಾಡಿಕೊಳ್ಳಬೇಕೆಂದು ಸುತ್ತೋಲೆ ಹೊರಡಿಸಿದರು. ಗಂಡಸರಿಗೆ ಇಂಥ ಸುತ್ತೋಲೆ ಹೋಗಲಿಲ್ಲ. 2014ರ ನಂತರ ಮಿಸ್ ಒಲಿಂಪಿಯಾವನ್ನೇ ನಿಲ್ಲಿಸಿದರು, 2020ರಲ್ಲಿ ಮತ್ತೆ ಶುರು ಮಾಡಿದರು. ಅಷ್ಟೊಂದು ಸ್ನಾಯು ಬೇಡದ ಬಿಕಿನಿ, ಫಿಗರ್ ಮುಂತಾದ ವಿಭಾಗಗಳೂ ಹುಟ್ಟಿಕೊಂಡವು. ಹೆಣ್ಣು ಎಷ್ಟರ ಮಟ್ಟಿಗೆ ಗಟ್ಟಿಯಾಗಬಹುದು ಎಂಬ ಗೆರೆಯನ್ನು ಬೇರೆಯವರೇ ಎಳೆಯುವುದು ಅಲ್ಲಿಯೂ ತಪ್ಪಲಿಲ್ಲ.

ಮೊಟ್ಟೆ ಯಾರ ತಟ್ಟೆಗೆ?

ಸ್ಪರ್ಧೆಗೆ ಹೋಗುವವರು ಬೆರಳೆಣಿಕೆ. ನಮ್ಮೂರ ಜಿಮ್ಮಿಗೆ ಬರುವವರ ಕಷ್ಟ ಸುಖ ಬೇರೆ. ಮುಖ್ಯವಾದದ್ದು ಅಡುಗೆಮನೆಯದು. ಕಬ್ಬಿಣ ಎತ್ತಿದ ಮೇಲೆ ದೇಹಕ್ಕೆ ಪ್ರೋಟೀನ್ ಬೇಕು. ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಎಂಬುದು ಸಾಮಾನ್ಯ ಮನುಷ್ಯರಿಗೆ ನಮ್ಮ ಸರ್ಕಾರಿ ಪೌಷ್ಟಿಕಾಂಶ ತಜ್ಞರು ಹಾಕಿಕೊಟ್ಟ ಲೆಕ್ಕ. 55 ಕಿಲೋ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ ಆಯಿತು. ವ್ಯಾಯಾಮ ಮಾಡುವವಳಿಗೆ ಇನ್ನೂ ಹೆಚ್ಚು. ಒಂದು ಮೊಟ್ಟೆಯಲ್ಲಿರುವುದು ಆರು ಗ್ರಾಂ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ತಿಳಿಸಾರಿಗೆ ಅನ್ನ ಕಲಸಿಕೊಂಡು ಏಳುವವಳಿಗೆ ಈ ಲೆಕ್ಕ ಎಲ್ಲಿಂದ ಕೂಡಿ ಬರಬೇಕು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು. ಇಂಥ ನಾಡಿನಲ್ಲಿ "ನನ್ನ ತೋಳಿಗೆ ಎರಡು ಮೊಟ್ಟೆ ಬೇಕು" ಎಂದು ಸೊಸೆಯೊಬ್ಬಳು ಬಾಯಿಬಿಟ್ಟು ಕೇಳಿದರೆ, ತೋಳು ಬೆಳೆಯಲಿ ಬಿಡಲಿ, ಮೊಟ್ಟೆಯಂತೂ ತಟ್ಟೆಗೆ ಬಿತ್ತು! ಮೊಟ್ಟೆ ಮುಟ್ಟದ ಮನೆಗಳಲ್ಲಿ ಹುರುಳಿ, ಹೆಸರುಕಾಳು, ಕಡಲೆ, ಮೊಸರು, ಪನೀರು ಇವೆ. ಕಾಳಿನ ಪಲ್ಯದಲ್ಲಿ ಒಂದು ಸೌಟು ಜಾಸ್ತಿ ಅವಳಿಗೂ ಇರಲಿ.

ವಯಸ್ಸಾದವರಿಗೇ ಇದು ಹೆಚ್ಚು ಬೇಕಾದದ್ದು ಎಂಬುದು ವಿಚಿತ್ರವಾದರೂ ನಿಜ. ಮೂವತ್ತು ದಾಟಿದ ಮೇಲೆ ಸ್ನಾಯು ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಕರಗುತ್ತದೆ. ಮುಟ್ಟು ನಿಂತ ಮೇಲೆ ಮೂಳೆಯೂ ಬೇಗ ಸವೆಯುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಅಜ್ಜಿ ಪ್ರತಿ ಬೀದಿಯಲ್ಲೂ ಒಬ್ಬರು ಇದ್ದಾರೆ. ಭಾರ ಎತ್ತಿದರೆ ಸ್ನಾಯುವಿನ ಜೊತೆ ಮೂಳೆಯೂ ಗಟ್ಟಿಯಾಗುತ್ತದೆ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ವಯಸ್ಕರೆಲ್ಲರಿಗೂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಗಂಡಸರಿಗೆ ಮಾತ್ರ ಎಂದು ಹೇಳಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುವ ಅಮ್ಮಂದಿರು ನಡಿಗೆಯನ್ನು ಬಿಡಬೇಕಾಗಿಲ್ಲ, ಆದರೆ ನಡಿಗೆಯೊಂದರಿಂದಲೇ ತೋಳಿಗೆ, ಬೆನ್ನಿಗೆ ಬಲ ಬರುವುದಿಲ್ಲ.

ಎಚ್ಚರಿಕೆ ಬೇಕಾದ ಜಾಗ ಒಂದಿದೆ. ಪ್ರೋಟೀನ್ ಪೌಡರ್ ಎಂದ ಕೂಡಲೇ ಹೆದರುವವರಿದ್ದಾರೆ. ಸಾಮಾನ್ಯವಾಗಿ ಅದು ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದದ್ದು, ದುಬಾರಿ ಅಷ್ಟೆ. ಹೆದರಬೇಕಾದದ್ದು ಸ್ಟೀರಾಯ್ಡ್ ಗುಳಿಗೆ ಮತ್ತು ಇಂಜೆಕ್ಷನ್ನಿಗೆ. ಬೇಗ ಕಟ್ ಬರಬೇಕು ಅಂದ್ರೆ ಇದೇ ದಾರಿ ಎಂದು ಕಿವಿಯಲ್ಲಿ ಊದುವ ಟ್ರೈನರು ಸಿಕ್ಕರೆ ಆ ಜಿಮ್ಮನ್ನೇ ಬದಲಾಯಿಸುವುದು ಕ್ಷೇಮ. ಹೆಂಗಸಿನ ದೇಹಕ್ಕೆ ಅದು ಹೊಕ್ಕರೆ ಮುಟ್ಟು ಏರುಪೇರಾಗುತ್ತದೆ, ಮುಖದ ಮೇಲೆ ಕೂದಲು ಬರುತ್ತದೆ, ದನಿ ಗಡುಸಾಗುತ್ತದೆ. ಔಷಧ ನಿಲ್ಲಿಸಿದರೂ ಹೋದ ದನಿ ಬಹುತೇಕ ವಾಪಸು ಬರುವುದಿಲ್ಲ. ಭಾರ ಎತ್ತಿದರೆ ಗಂಡಸರ ಥರ ಆಗ್ತಾರೆ ಎಂಬ ಅಪವಾದ ಹುಟ್ಟಿದ್ದರಲ್ಲಿ ಈ ಔಷಧದ ಪಾಲು ದೊಡ್ಡದು. ಕಬ್ಬಿಣ ಸುಮ್ಮನೆ ಮಾತು ಕೇಳುತ್ತಿದೆ.

ಇನ್ನು ಉಳಿದದ್ದು ಸಮಯದ ಪ್ರಶ್ನೆ. ಅನೇಕ ಜಿಮ್ಮುಗಳು 'ಲೇಡೀಸ್ ಬ್ಯಾಚ್' ಎಂದು ಬೋರ್ಡು ಹಾಕುವುದು ಗಂಡಸರು ಬಾರದ ಹೊತ್ತಿಗೆ, ಅಂದರೆ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ನಾಲ್ಕರ ನಡುವೆ. ಆ ಹೊತ್ತಿನಲ್ಲಿ ಗಾರ್ಮೆಂಟ್ಸ್ ಹುಡುಗಿ ಹೊಲಿಗೆ ಯಂತ್ರದ ಮುಂದೆ, ಟೀಚರಮ್ಮ ಕ್ಲಾಸಿನಲ್ಲಿ, ಬ್ಯಾಂಕಿನಾಕೆ ಕೌಂಟರಿನಲ್ಲಿ. ಸಂಜೆ ಆರಕ್ಕೆ ಬಂದರೆ ಒಂದೇ ಬೆಂಚಿನ ಸುತ್ತ ನಾಲ್ಕು ಜನ ಹುಡುಗರು, ಇಬ್ಬರು ಮೊಬೈಲ್ ನೋಡುತ್ತಾ. "ಇನ್ನೂ ಎರಡು ಸೆಟ್ ಇದೆ, ಮೇಡಂ." ಪಾರ್ಕುಗಳಲ್ಲಿ ಪುಕ್ಕಟೆಯಾಗಿ ಹಾಕಿರುವ ಹಳದಿ, ನೀಲಿ ಬಣ್ಣದ ಯಂತ್ರಗಳಲ್ಲಿ ಕೈಕಾಲು ಆಡಿಸಬಹುದೇ ಹೊರತು ಭಾರ ಏರಿಸಿಕೊಳ್ಳಲು ಬರುವುದಿಲ್ಲ. ತಿಂಗಳಿಗೆ ಸಾವಿರಕ್ಕೂ ಮೇಲೆ ಫೀಸು ಕೊಡಲಾಗದವರು ಮನೆಯಲ್ಲೇ ಎರಡು ಐದು ಲೀಟರಿನ ಕ್ಯಾನಿಗೆ ನೀರು ತುಂಬಿ ಎತ್ತಿ ಇಳಿಸುತ್ತಿದ್ದಾರೆ. ಮಕ್ಕಳು ಸ್ಕೂಲಿಗೆ ಹೋದ ಮೇಲೆ, ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ, ಹದಿನೈದು ಹದಿನೈದರಂತೆ ಮೂರು ಸೆಟ್ಟು.