ಹಟ್ಟಿಗೆ ಹೋದ ಆಡು ಮತ್ತು ಕಳೆಯುವ ಲೆಕ್ಕ

ಏಳು ಆಡುಗಳ ಚಿತ್ರ, ಮೂರರ ಮೇಲೆ ಅಡ್ಡಗೆರೆ. 'ಉಳಿದದ್ದು ಎಷ್ಟು?' ಎಂದು ಕೇಳಿದರೆ ಒಂದನೇ ಕ್ಲಾಸಿನ ಎಷ್ಟೋ ಮಕ್ಕಳು 'ಏಳು' ಅನ್ನುತ್ತಾರೆ. ಗೆರೆ ಎಳೆದರೂ ಆಡು ಅಲ್ಲೇ ಕಾಣುತ್ತದಲ್ಲ! ಮಗು ಕಂಡದ್ದನ್ನು ಎಣಿಸಿತು, ಅಷ್ಟೇ. ಅದಕ್ಕೆ ಮದ್ರಸದ ಸಣ್ಣ ಮಕ್ಕಳು ಶಾಲೆಯ ಲೆಕ್ಕ ಹಿಡಿದು ಬಂದಾಗ ನಾವು ಗೆರೆ ಎಳೆಯಲು ಹೋಗುವುದಿಲ್ಲ. ರಟ್ಟಿನಲ್ಲಿ ಆಡಿನ ಚಿತ್ರ ಕತ್ತರಿಸಿ ಸಾಲಾಗಿ ಇಡುತ್ತೇವೆ. ಖಾಲಿ ಡಬ್ಬವೇ ಹಟ್ಟಿ. ಮೂರು ಆಡನ್ನು ಮಗುವೇ ಎತ್ತಿ ಹಟ್ಟಿಗೆ ಹಾಕಬೇಕು. ಮತ್ತೆ ಕೇಳಿದರೆ ನಾಲ್ಕು ಎಂಬ ಉತ್ತರ ತಾನಾಗಿ ಬರುತ್ತದೆ. '7 - 3 = 4' ಎಂದು ಬರೆಸುವುದು ಆಮೇಲೆ.

ಪ್ರಾಣಿಗಳ ಚಿತ್ರ ಬೇಕಾ ಉಸ್ತಾದರೇ ಎಂದು ಕೆಲವು ಮನೆಯವರು ಕೇಳುವುದುಂಟು. ಆಯಿಶಾ (ರ) ಅವರ ಆಟಿಕೆಗಳಲ್ಲಿ ರೆಕ್ಕೆಯಿದ್ದ ಕುದುರೆಯೂ ಇತ್ತೆಂದು ಅಬೂದಾವೂದ್‌ನ ಹದೀಸಿನಲ್ಲಿದೆ. ಆದರೂ ಮನಸ್ಸು ಒಪ್ಪದಿದ್ದರೆ ಹುಣಸೆ ಬೀಜ ಇಟ್ಟು ಅದನ್ನೇ ಆಡು ಅನ್ನಿ, ಮಕ್ಕಳದ್ದೇನೂ ತಕರಾರಿಲ್ಲ.

ನಿಜವಾದ ಕಷ್ಟ ಇರುವುದು 'ಎಷ್ಟು ಹೆಚ್ಚು' ಎಂಬ ಪ್ರಶ್ನೆಯಲ್ಲಿ. ಐದು ಹಕ್ಕಿ, ನಾಲ್ಕು ಹುಳು. ಹುಳಕ್ಕಿಂತ ಹಕ್ಕಿ ಎಷ್ಟು ಹೆಚ್ಚು? ಮಗು 'ಐದು' ಅನ್ನುತ್ತದೆ. ಇಲ್ಲಿ ಯಾವ ಹಕ್ಕಿಯೂ ಹಾರಿಹೋಗಲಿಲ್ಲ, ಮತ್ತೆ ಕಳೆಯುವುದು ಯಾಕೆಂದು ಅದಕ್ಕೆ ಹೊಳೆಯುವುದಿಲ್ಲ. ಟಾಮ್ ಹಡ್ಸನ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥದ್ದೇ ಚಿತ್ರಗಳಿದ್ದವು. 'ಹುಳು ಸಿಗದ ಹಕ್ಕಿ ಎಷ್ಟು?' ಎಂದು ಮಾತು ಬದಲಿಸಿದಾಗ, ಮೊದಲು ತಪ್ಪಿದ ಮಕ್ಕಳಲ್ಲಿ ಹೆಚ್ಚಿನವರು ಸರಿ ಹೇಳಿದರು. ಚಿತ್ರ ಅದೇ, ಮಕ್ಕಳೂ ಅವರೇ.

ನಮ್ಮ ಮಕ್ಕಳಿಗಂತೂ ಇದು ಎರಡು ಪಟ್ಟು ಕಷ್ಟ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್. 'ಕಳೆ' ಎಂದರೆ ಲೆಕ್ಕದಲ್ಲಿ ಒಂದು, ಪೆನ್ಸಿಲ್ ಕಳೆದುಹೋದರೆ ಇನ್ನೊಂದು, ಗದ್ದೆಯಲ್ಲಿ ಮತ್ತೊಂದು! ಮಾತು ಅರ್ಥವಾಗದೆ ಸುಮ್ಮನಿದ್ದ ಮಗುವಿಗೆ 'ಲೆಕ್ಕದಲ್ಲಿ ಹಿಂದೆ' ಎಂಬ ಹೆಸರು ಬಿದ್ದರೆ, ಏಳನೇ ಕ್ಲಾಸಿಗೆ ಬಂದರೂ ಅದು ಬಿಡುವುದಿಲ್ಲ. ಅಷ್ಟರಲ್ಲಿ ಮಗುವೂ ಅದನ್ನು ನಂಬಿರುತ್ತದೆ.

ಹಾಗಾಗಿ ಉಮ್ಮಂದಿರೇ, ಮೊದಲು ಬ್ಯಾರಿಯಲ್ಲೇ ಕೇಳಿ. ಒಂದೊಂದು ಕೋಳಿಯ ಮುಂದೆ ಒಂದೊಂದು ಕಾಳು ಇಡಿಸಿ, ಕಾಳು ಸಿಗದ ಕೋಳಿಯನ್ನು ತೋರಿಸಲು ಹೇಳಿ. ಮಗು ಬೆರಳಿಟ್ಟು ತೋರಿಸಿದ ಮೇಲೆ ಅದೇ ಪ್ರಶ್ನೆಯನ್ನು ಪುಸ್ತಕದಲ್ಲಿರುವ ಮಾತಿನಲ್ಲಿ ಇನ್ನೊಮ್ಮೆ ಕೇಳಿ. ದಿನಕ್ಕೆ ಹತ್ತು ನಿಮಿಷ ಧಾರಾಳ ಸಾಕು, ಇಶಾ ಆದ ಮೇಲೆ ನಿದ್ದೆಗಣ್ಣಿನಲ್ಲಿ ಮಾತ್ರ ಬೇಡ.