ಜತ್ತ ಸೀಮೆ: ನೀರಿನ ಪ್ರಶ್ನೆ, ಶಾಲೆಯ ಪ್ರಶ್ನೆ

ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಜತ್ತ ತಾಲೂಕು ಹಿಂದುಳಿದ ಸೀಮೆಯೆಂಬುದು ಎಲ್ಲರೂ ಬಲ್ಲ ಮಾತು. ಅದು ಏಕೆ ಹಿಂದುಳಿಯಿತು, ಮುಂದಿನ ದಾರಿ ಯಾವುದು ಎಂಬುದನ್ನು ಶಿಕ್ಷಕರಾದ ನಾವು ವಿಚಾರಿಸುವುದು ಅಗತ್ಯ.

ಮೊದಲನೆಯ ಕಾರಣ ಭೂಗೋಲದ್ದು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಸಹ್ಯಾದ್ರಿಯ ಮರೆಗೆ ಬಿದ್ದ ಜತ್ತಕ್ಕೆ ಅದರ ಹತ್ತರಲ್ಲೊಂದು ಪಾಲು ಬಂದರೆ ಪುಣ್ಯ. ಆದ್ದರಿಂದ ಜೋಳ, ಸಜ್ಜೆಗಳ ಒಣಬೇಸಾಯವೂ ಕುರಿ ಸಾಕಣೆಯೂ ಇಲ್ಲಿಯವರ ಬದುಕಾದವು. ಮಾಡಗ್ಯಾಳದ ಕುರಿಯ ತಳಿ ದೂರದವರೆಗೆ ಹೆಸರಾಗಿದೆ.

ಎರಡನೆಯ ಕಾರಣ ಇತಿಹಾಸದ್ದು. ಡಫಳೆ ಮನೆತನದ ಈ ಸಣ್ಣ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ನೆರೆಯ ವಿಜಾಪುರವು ಮೈಸೂರು ರಾಜ್ಯಕ್ಕೆ ಸೇರಿದಾಗ ಜತ್ತ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಉಮದಿ, ಸಂಖಗಳ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಕಚೇರಿಯ ಕಾಗದಪತ್ರವೆಲ್ಲ ಮರಾಠಿ.

ಬರಗಾಲ ಇಲ್ಲಿ ಹೊಸತಲ್ಲ. 1972ರ ಭೀಕರ ಬರದ ಅನುಭವದಿಂದ ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಬೆಳೆದು, 1977ರಲ್ಲಿ ಕಾಯಿದೆಯ ರೂಪ ಪಡೆಯಿತು. ಅದರಿಂದ ಕೂಲಿ ದೊರೆಯಿತು, ನೀರು ದೊರೆಯಲಿಲ್ಲ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಹಂತಹಂತವಾಗಿ ಮೇಲೆತ್ತಿ ಕಾಲುವೆಗೆ ಬಿಡುವ ಯೋಜನೆಯು ತಾಲೂಕಿನ ಒಂದು ಭಾಗಕ್ಕೆ ಆಸರೆಯಾಯಿತು. ಆದರೆ ಎತ್ತುವ ನೀರಿಗೆ ವಿದ್ಯುತ್ತಿನ ವೆಚ್ಚ ಬಹಳ. ಕಾಲುವೆಯ ಕೊನೆಯಲ್ಲಿರುವವರ ಪಾಳಿ ಯಾವಾಗಲೂ ಕೊನೆಯದೇ. 2012ರಲ್ಲಿ ಸುಮಾರು 40 ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದು ನೀರಿನ ಸಂಕಟದಿಂದಲೇ. 2022ರಲ್ಲಿ ಆ ಠರಾವು ಮತ್ತೆ ಚರ್ಚೆಗೆ ಬಂದಿತು. ಪೂರ್ವದ ಹಳ್ಳಿಗಳಿಗಾಗಿ ರೂಪುಗೊಂಡ ವಿಸ್ತೃತ ಮ್ಹೈಸಾಳ ಯೋಜನೆಯ ಮೇಲೆ ಈಗ ಎಲ್ಲರ ಕಣ್ಣಿದೆ.

ನೀರಿಲ್ಲದ ಊರಿನ ಶಾಲೆಯೂ ಬಡವಾಗುತ್ತದೆ. ಮುಕಾದಮನಿಂದ ಮುಂಗಡ ಪಡೆದ ಕುಟುಂಬಗಳು ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಹೊರಡುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಅವರು ಮರಳುವಷ್ಟರಲ್ಲಿ ವರ್ಷದ ಪಾಠ ಮುಗಿಯುತ್ತ ಬಂದಿರುತ್ತದೆ. ಮೊದಲೇ ಸಂಖ್ಯೆ ಕಡಿಮೆಯಿರುವ ಕನ್ನಡ ಶಾಲೆಗೆ ಈ ನಷ್ಟ ಇಮ್ಮಡಿ.

ಹಾಗೆಂದು ನಿರಾಶರಾಗಬೇಕಿಲ್ಲ. ಇದೇ ಒಣನೆಲದಲ್ಲಿ ಹನಿ ನೀರಾವರಿಯಿಂದ ದಾಳಿಂಬೆ, ದ್ರಾಕ್ಷಿ ಬೆಳೆದವರಿದ್ದಾರೆ. ಸ್ವಲ್ಪ ನೀರು, ಹೆಚ್ಚು ತಿಳಿವಳಿಕೆ ಎಂಬುದೇ ಅವರ ಕೃಷಿಯ ಮರ್ಮ. ನೀರು ತರುವುದು ಸರಕಾರದ ಕೆಲಸ. ತಿಳಿವಳಿಕೆಯ ಕೆಲಸ ನಮ್ಮದು. ಗುಳೆ ಹೋಗುವವರ ಮಕ್ಕಳನ್ನು ಹಂಗಾಮಿ ವಸತಿಗೃಹದಲ್ಲೋ ಅಜ್ಜಿಯ ಮನೆಯಲ್ಲೋ ಉಳಿಸಿಕೊಳ್ಳುವಂತೆ ಪಾಲಕರನ್ನು ಹೊರಡುವ ಮೊದಲೇ ಒಪ್ಪಿಸಬೇಕು. ಪಾಠ ಕನ್ನಡದಲ್ಲಿ ಗಟ್ಟಿಯಾಗಲಿ. ಜೊತೆಗೆ ಮೇಲಿನ ತರಗತಿಯ ಹುಡುಗ ಹುಡುಗಿಯರು ಹೊಲದ ಉತಾರ, ಅರ್ಜಿ, ನೀರಿನ ಪಟ್ಟಿಗಳನ್ನು ಮರಾಠಿಯಲ್ಲಿ ಓದಿ ಬರೆಯುವಂತಾಗಲಿ. ಕಾಲುವೆಗೆ ನೀರು ಬಂದ ದಿನ ತನ್ನ ಪಾಲನ್ನು ಕೇಳಿ ಪಡೆಯಬಲ್ಲ ತಲೆಮಾರು ಊರಿನಲ್ಲಿರಬೇಕಲ್ಲವೆ?